ಆಕಾಶದ ಬಸ್ಸು
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ಅಮ್ಮಂದಿರೇ, ಅಕ್ಕಂದಿರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಅಣ್ಣಂದಿರೇ, ನಿಂತವರು ಕೂತುಕೊಳ್ಳಿ. ಚಾಪೆ ಇದೆ, ಜಾಗ ಇದೆ.

ಇವತ್ತು ಸ್ಲೇಟು ಬೇಡ. ಬರೀ ಮಾತು. ವಿಮಾನದ ಮಾತು.

"ವಿಮಾನಕ್ಕೂ ನಮಗೂ ಏನು ಸಂಬಂಧ ಮೇಷ್ಟ್ರೇ? ನಮಗೆ ತಿಪಟೂರಿಗೆ ಹೋಗೋ ಬಸ್ಸೇ ಸರಿಯಾಗಿ ಸಿಗಲ್ಲ" ಅಂತ ಯಾರೋ ಅಂದ್ರಿ. ಸಂಬಂಧ ಇದೆ, ಕೇಳಿ.

ಹಿಂದೆ ವಿಮಾನ ಅಂದರೆ ದೊಡ್ಡವರದ್ದು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ವಿಮಾನ ಶುರು ಮಾಡಿದರು. ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಕಲಬುರಗಿಗೆ 2019ರಲ್ಲಿ ವಿಮಾನ ಬಂತು. ಶಿವಮೊಗ್ಗಕ್ಕೆ 2023ರಲ್ಲಿ ಬಂತು. ನಮ್ಮ ಊರಿನ ಮಕ್ಕಳು ಈಗ ಪುಣೆಯಲ್ಲಿದ್ದಾರೆ, ದೆಹಲಿಯಲ್ಲಿದ್ದಾರೆ, ದುಬೈಯಲ್ಲಿದ್ದಾರೆ. ಮಗಳಿಗೆ ಅಲ್ಲೇ ಹೆರಿಗೆ. ಬಾಣಂತನಕ್ಕೆ ತಾಯಿ ಬೇಕು. ಅಳಿಯ ಟಿಕೆಟ್ ಕಳಿಸ್ತಾನೆ.

ಆಗ ತಾಯಿ ಏನಂತಾಳೆ? "ನನಗೆ ಓದಕ್ಕೆ ಬರಲ್ಲ. ಅಲ್ಲಿ ಎಲ್ಲಾ ಇಂಗ್ಲಿಷು. ಕಳೆದುಹೋಗ್ತೀನಿ. ನಾನು ಒಲ್ಲೆ."

ನಮ್ಮ ತರಗತಿಯಲ್ಲೇ ಇಬ್ಬರು ತಾಯಂದಿರು ಹೀಗೆ ಅಂದಿದ್ದಾರೆ. ಹೆಸರು ಹೇಳಲ್ಲ. ಅವರಿಗೆ ಗೊತ್ತು. ಪಕ್ಕದವರು ಮೊಣಕೈಯಲ್ಲಿ ತಿವೀಬೇಡಿ.

ಅದಕ್ಕೇ ಈ ಮಾತು.

ನಮ್ಮ ಪಕ್ಕದ ಊರಿನ ಹುಡುಗಿಯೊಬ್ಬಳು ವಿಮಾನದಲ್ಲಿ ಗಗನಸಖಿ ಆಗಿದ್ದಾಳೆ. ಒಂಬತ್ತು ವರ್ಷ ಆಯ್ತು. ಜಾತ್ರೆಗೆ ಬಂದಿದ್ದಳು. ನಾವು ಸ್ವಯಂಸೇವಕರೆಲ್ಲ ಸೇರಿ ಅವಳನ್ನು ಕೂರಿಸಿಕೊಂಡು ಒಂದು ಸಂಜೆ ಪೂರ್ತಿ ಕೇಳಿದೆವು. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯ್ತು. "ನನ್ನ ಹೆಸರು ಬೇಡ, ಕಂಪನಿ ಹೆಸರೂ ಬೇಡ, ಕಥೆ ಹೇಳಿ ಸಾಕು" ಅಂದಳು. ಹಾಗೇ ಆಗಲಿ.

ಅವಳು ಮೊದಲು ಹೇಳಿದ ಮಾತು ಇದು. "ವಿಮಾನದ ಬಾಗಿಲಲ್ಲಿ ಎಲ್ಲರೂ ಅನಕ್ಷರಸ್ಥರೇ. ಕೋಟು ಹಾಕಿದವರೂ ಅಷ್ಟೇ, ಪಂಚೆ ಉಟ್ಟವರೂ ಅಷ್ಟೇ. ಪಂಚೆ ಉಟ್ಟವರು ಕೇಳ್ತಾರೆ. ಕೋಟಿನವರು ಕೇಳಲ್ಲ. ಅದಕ್ಕೇ ತೊಂದರೆ ಜಾಸ್ತಿ ಕೋಟಿನವರದ್ದೇ."

ಸೊಂಟದ ಪಟ್ಟಿಯನ್ನೇ ನೋಡಿ. ಕೂತ ತಕ್ಷಣ ಕಟ್ಟಬೇಕು. ಒಂದು ತುದಿ ಇನ್ನೊಂದರೊಳಗೆ ತೂರಿಸಿದರೆ 'ಟಕ್' ಅನ್ನುತ್ತೆ. ಬಿಚ್ಚೋಕೆ ಮೇಲಿನ ರೆಕ್ಕೆ ಎತ್ತಬೇಕು, ಅಷ್ಟೇ. ಒಬ್ಬ ದೊಡ್ಡ ಸಾಹೇಬರಿಗೆ ಬಿಚ್ಚೋದು ಗೊತ್ತಾಗಲಿಲ್ಲ. ಕೇಳೋಕೆ ನಾಚಿಕೆ. ವಿಮಾನ ಇಳಿದು ಎಲ್ಲರೂ ಹೋದರು. ಸಾಹೇಬರು ಪೇಪರ್ ಓದ್ತಾ ಕೂತೇ ಇದ್ದಾರೆ. ಇವಳು ಹತ್ತಿರ ಹೋಗಿ "ಸಾರ್, ಊರು ಬಂತು" ಅಂದಳು. "ಓದಿ ಮುಗಿಸ್ತೀನಿ" ಅಂದರಂತೆ! ಪೇಪರ್ ಮಾತ್ರ ತಲೆಕೆಳಗಾಗಿತ್ತು. ಇವಳು ಬಗ್ಗಿ ಟಕ್ ಅಂತ ಬಿಚ್ಚಿದಳು. ಅವರು ಏನೂ ಆಗದವರ ಹಾಗೆ ಎದ್ದು ಹೋದರು.

ಅದೇ ದಿನ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ. ಬಂದ ಕೂಡಲೇ "ಮಗಳೇ, ಇದನ್ನ ಹೆಂಗೆ ಕಟ್ಟೋದು, ಹೆಂಗೆ ಬಿಚ್ಚೋದು, ಎರಡೂ ತೋರ್ಸು" ಅಂದಳು. ಎರಡು ಸಲ ಮಾಡಿ ನೋಡಿದಳು. ಮುಗೀತು. ಆಮೇಲೆ ಪಕ್ಕದವನಿಗೂ ಅಜ್ಜಿಯೇ ಕಲಿಸಿದಳು.

ಇನ್ನು ಸೀಟು. ಬಸ್ಸಿನಲ್ಲಿ ನಾವು ಏನು ಮಾಡ್ತೀವಿ? ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡೀತೀವಿ. ವಿಮಾನದಲ್ಲಿ ಓಡಬೇಕಾಗಿಲ್ಲ. ನಿಮ್ಮ ಸೀಟು ನಿಮಗೇ ಇರುತ್ತೆ. ಚೀಟಿಯಲ್ಲಿ ಬರೆದಿರ್ತಾರೆ. ಅದಕ್ಕೆ ಬೋರ್ಡಿಂಗ್ ಪಾಸ್ ಅಂತಾರೆ. 14 ಎ ಅಂತ ಇದ್ದರೆ 14ನೇ ಸಾಲು, ಎ ಅಂದರೆ ಕಿಟಕಿ ಪಕ್ಕ. ಒಮ್ಮೆ ಒಬ್ಬ ಯಜಮಾನರು ಮೊದಲೇ ಒಳಗೆ ಬಂದು, ಒಂದು ಇಡೀ ಸಾಲಿಗೆ ಟವಲ್ ಹಾಸಿ, "ನಮ್ಮೋರು ಹಿಂದೆ ಬರ್ತಾವ್ರೆ" ಅಂತ ಕಾವಲು ಕೂತಿದ್ದರಂತೆ. ಅವರವರ ಸೀಟು ಬೇರೆ ಬೇರೆ ಕಡೆ ಇತ್ತು. ಟವಲ್ ಎತ್ತಿಸೋದರಲ್ಲಿ ಇವಳಿಗೆ ಸಾಕುಸಾಕಾಯ್ತು.

ಆ ಚೀಟಿಯಲ್ಲಿ ಇನ್ನೊಂದು ಇದೆ, ಇದನ್ನು ಗಮನ ಇಟ್ಟು ಕೇಳಿ. ಹೊತ್ತು. ಅವರ ಗಡಿಯಾರದಲ್ಲಿ ದಿನಕ್ಕೆ 24 ಗಂಟೆ. 18:40 ಅಂತ ಇದ್ದರೆ ಹೆದರಬೇಡಿ. 18ರಲ್ಲಿ 12 ಕಳೆಯಿರಿ. ಎಷ್ಟು? ಹೌದು, 6. ಸಂಜೆ 6 ಗಂಟೆ 40 ನಿಮಿಷ. ಕಳೆಯೋ ಲೆಕ್ಕ ಹೋದ ತಿಂಗಳೇ ಕಲಿತಿದ್ದೀರಿ.

ಮೋಸ ಆಗೋದು ಮಧ್ಯರಾತ್ರಿಯಲ್ಲಿ. 15ನೇ ತಾರೀಖು, 00:30 ಅಂತ ಇದೆ ಅನ್ನಿ. ಅಂದರೆ 14ರ ರಾತ್ರಿ 12 ಹೊಡೆದು ಅರ್ಧ ಗಂಟೆ. 14ರ ರಾತ್ರಿಯೇ ನಿಲ್ದಾಣದಲ್ಲಿ ಇರಬೇಕು. ಒಂದು ಮನೆಯವರು 15ನೇ ತಾರೀಖು ಪೂಜೆ ಮಾಡಿ, ಊಟ ಮಾಡಿ, ಕಳಿಸೋಕೆ ಹನ್ನೆರಡು ಜನ ವ್ಯಾನು ಮಾಡಿಕೊಂಡು ರಾತ್ರಿ ಬಂದರು. ವಿಮಾನ ಹೋಗಿ ಹತ್ತಿರ ಹತ್ತಿರ ಒಂದು ದಿನ ಆಗಿತ್ತು. ಹುಡುಗ ಕೊಲ್ಲಿಗೆ ಕೆಲಸಕ್ಕೆ ಹೊರಟವನು. ಸಾಲ ಮಾಡಿ ತೆಗೆದ ಟಿಕೆಟ್ಟು. ಇದನ್ನು ಹೇಳುವಾಗ ಆ ತಂಗಿ ನಗಲಿಲ್ಲ. ನಾವೂ ನಗಲಿಲ್ಲ.

ಬಸ್ಸು ಕೈ ತೋರಿಸಿದರೆ ನಿಲ್ಲುತ್ತೆ. ವಿಮಾನ ನಿಲ್ಲಲ್ಲ. ಹೊರಡೋಕೆ 20-25 ನಿಮಿಷ ಮುಂಚೆಯೇ ಗೇಟು ಮುಚ್ಚುತ್ತಾರೆ. ನಮ್ಮ ದೇಶದೊಳಗೆ ಹೋಗೋದಾದರೆ ಎರಡು ಗಂಟೆ ಮುಂಚೆ ನಿಲ್ದಾಣ ಸೇರಿ. ಹೊರದೇಶಕ್ಕಾದರೆ ಮೂರು ಗಂಟೆ ಮುಂಚೆ. ಬೆಂಗಳೂರಿನ ವಿಮಾನ ನಿಲ್ದಾಣ ಊರೊಳಗೆ ಇಲ್ಲ, ದೇವನಹಳ್ಳಿ ಕಡೆ ಇದೆ. ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು ಇದೆ. ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟಿಕೆಟ್ಟಿನಲ್ಲಿ ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೇ ಇರಬೇಕು. ಮನೆಯಲ್ಲಿ ಕರೆಯೋ ಹೆಸರು ಬರೆಸಿದರೆ ಬಾಗಿಲಲ್ಲೇ ತಕರಾರು. ಹೊರದೇಶಕ್ಕೆ ಆಧಾರ್ ನಡೆಯಲ್ಲ, ಪಾಸ್‌ಪೋರ್ಟ್ ಬೇಕು. ಅದರಲ್ಲಿ ಇದ್ದ ಹಾಗೇ ಹೆಸರು ಬರೆಸಿ. ಮೊಮ್ಮಕ್ಕಳು ಟಿಕೆಟ್ ಮಾಡುವಾಗ ನೀವೇ ಕಾರ್ಡು ತಂದು ಮುಂದೆ ಇಡಿ.

ಈಗ ಗಂಟಿನ ವಿಚಾರ. ನಾವು ಮಗಳ ಮನೆಗೆ ಬರಿಗೈಯಲ್ಲಿ ಹೋಗೋರಲ್ಲ. ಅಕ್ಕಿ ಹಿಟ್ಟು, ಹುಣಸೆಹಣ್ಣು, ಉಪ್ಪಿನಕಾಯಿ, ತುಪ್ಪ. ತಿಪಟೂರು ಸೀಮೆಯವರಾದ ಮೇಲೆ ಕೊಬ್ಬರಿ ಇಲ್ಲದೆ ಹೊರಡ್ತೀವಾ? ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಒಣ ಕೊಬ್ಬರಿ ವಿಮಾನದಲ್ಲಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ಕೆಳಗೆ ಹಾಕೋ ದೊಡ್ಡ ಚೀಲದಲ್ಲೂ ಇಲ್ಲ.

ಯಾಕೆ? ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಒತ್ತಾಗಿ ತುಂಬಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ಪ್ರಪಂಚದ ವಿಮಾನಗಳ ನಿಯಮದಲ್ಲಿ ಅದು ಅಪಾಯದ ಸರಕು. ಒಬ್ಬ ತಾಯಿ ಒಪ್ಪಲೇ ಇಲ್ಲವಂತೆ. "ನಮ್ಮ ಅಟ್ಟದ ಮೇಲೆ ಸಾವಿರಾರು ಕಾಯಿ ಒಣಗ್ತಾ ಇದೆ, ಒಂದು ದಿನ ಹೊತ್ತಿಲ್ಲ" ಅಂತ ವಾದ. ಕೊನೆಗೆ ಹತ್ತು ಕೊಬ್ಬರಿಯನ್ನೂ ಅಲ್ಲೇ ಬಿಡಬೇಕಾಯ್ತು. ಬಿಡುವ ಮುಂಚೆ ಆ ತಾಯಿ ಒಂದು ಒಡೆದು, ತಪಾಸಣೆ ಮಾಡೋ ಹುಡುಗನಿಗೆ ಒಂದು ಚೂರು ಕೊಟ್ಟು, "ತಿನ್ನಪ್ಪ, ಬಿಸಾಕಬೇಡ" ಅಂದಳಂತೆ. ಅವನು ಕಣ್ಣು ತಗ್ಗಿಸಿದ.

ಹಸಿ ತೆಂಗಿನಕಾಯಿಗೂ ಕೈಚೀಲದಲ್ಲಿ ಜಾಗ ಇಲ್ಲ. ಶಬರಿಮಲೆಗೆ ಹೋಗೋ ಅಯ್ಯಪ್ಪ ಭಕ್ತರ ಇರುಮುಡಿ ಕಾಯಿಗೆ ಮಾತ್ರ 2024ರಲ್ಲಿ ಯಾತ್ರೆಯ ಕಾಲಕ್ಕೆ ಸರ್ಕಾರ ರಿಯಾಯಿತಿ ಕೊಟ್ಟಿತ್ತು. ಬೆಂಕಿಪೊಟ್ಟಣ, ಲೈಟರ್ ಬೇಡವೇ ಬೇಡ. ಬೀಡಿ ಸೇದೋ ಅಣ್ಣಂದಿರಿಗೆ ಈ ಮಾತು. ಕುಡುಗೋಲು, ಈಳಿಗೆ, ಚಾಕು ಕೈಚೀಲದಲ್ಲಿ ಬೇಡ. ಉಪ್ಪಿನಕಾಯಿ, ಎಣ್ಣೆ, ತುಪ್ಪ ಸಹ ಕೈಚೀಲಕ್ಕೆ ಬೇಡ. ಎಷ್ಟು ಒಯ್ಯಬಹುದು ಅಂತ ಕಂಪನಿಯವರನ್ನು ಕೇಳಿ, ಬಿಗಿಯಾಗಿ ಕಟ್ಟಿ ದೊಡ್ಡ ಚೀಲಕ್ಕೆ ಹಾಕಿ. ಫೋನು ಚಾರ್ಜ್ ಮಾಡೋ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು. ಬೆಂಕಿ ಹತ್ತಿದರೆ ಕಣ್ಣಿಗೆ ಕಾಣಲಿ ಅಂತ.

ಇದಕ್ಕಿಂತ ದೊಡ್ಡದು ಒಂದಿದೆ. ಗಸಗಸೆ. ನಮಗೆ ಅದು ಪಾಯಸ. ದುಬೈ, ಸೌದಿ ಕಡೆ ಅದು ಮಾದಕ ವಸ್ತು. ಅಫೀಮಿನ ಗಿಡದ ಬೀಜ ಅಲ್ವೇ ಅದು? ಒಂದು ಪೊಟ್ಟಣ ಸಿಕ್ಕಿದರೂ ಪೊಲೀಸು, ಜೈಲು. ಬಾಣಂತಿಗೆ ಅಂತ ಪ್ರೀತಿಯಿಂದ ಕಟ್ಟಿಕೊಂಡು ಹೋಗಬೇಡಿ. ಹಾಗೇ, ನಿಲ್ದಾಣದಲ್ಲಿ ಗುರುತಿಲ್ಲದವರು "ಈ ಪೊಟ್ಟಣ ನಮ್ಮ ಅಣ್ಣನಿಗೆ ಕೊಟ್ಟುಬಿಡಿ" ಅಂದರೆ ಮುಟ್ಟಬೇಡಿ. ಗುರುತಿನವರು ಕೊಟ್ಟರೂ ಬಿಚ್ಚಿ ನೋಡಿ ತಗೊಳ್ಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಸರಿ, ಹತ್ತಿ ಕೂತಿರಿ. ವಿಮಾನ ಏರುತ್ತೆ. ಕಿವಿ ಗುಂಯ್ ಅನ್ನುತ್ತೆ. ನಂದಿಬೆಟ್ಟ, ಮುಳ್ಳಯ್ಯನಗಿರಿ ಹತ್ತಿದವರಿಗೆ ಗೊತ್ತು. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಕೆಳಗೆ ತಂದ ಚಿಪ್ಸ್ ಪೊಟ್ಟಣ ಮೇಲೆ ಹೋದಾಗ ಬಲೂನಿನ ಹಾಗೆ ಉಬ್ಬುತ್ತೆ. ನಮ್ಮ ಕಿವಿಯೊಳಗೂ ಅದೇ ಗಾಳಿ. ಉಗುಳು ನುಂಗಿ, ಆಕಳಿಸಿ, ಒಂದು ಪೆಪ್ಪರಮೆಂಟು ಚೀಪಿ, ಸರಿ ಹೋಗುತ್ತೆ. ಇಳಿಯುವಾಗ ಕೂಸುಗಳು ಅಳೋದು ಇದಕ್ಕೇ. ಆ ಹೊತ್ತಿಗೆ ಹಾಲು ಕುಡಿಸಿ. ನುಂಗಿದರೆ ಕಿವಿ ಬಿಡುತ್ತೆ.

ಕೆಲವು ಸಲ ವಿಮಾನ ಕುಲುಕುತ್ತೆ. ಗಾಡಿ ಹಳ್ಳಕ್ಕೆ ಇಳಿದ ಹಾಗೆ. ರೆಕ್ಕೆ ಅಲ್ಲಾಡಿದ್ದು ನೋಡಿ ಒಬ್ಬರು "ಮುರೀತದೆ, ಮುರೀತದೆ" ಅಂತ ಕೂಗಿದರಂತೆ. ಅದು ಬಾಗಲಿ ಅಂತಲೇ ಮಾಡಿರೋದು, ಬಿದಿರಿನ ಹಾಗೆ. ಆದರೆ ಪಟ್ಟಿ ಬಿಚ್ಚಬೇಡಿ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಜೋರಾಗಿ ಕುಲುಕಿತು. ಬಹಳ ಜನಕ್ಕೆ ಪೆಟ್ಟಾಯ್ತು, ಒಬ್ಬರು ತೀರಿಕೊಂಡರು. ಕೂತಿರುವಷ್ಟು ಹೊತ್ತೂ ಪಟ್ಟಿ ಇರಲಿ.

ಶೌಚಾಲಯದ ಕಥೆ ಹೇಳದೆ ಬಿಟ್ಟರೆ ನೀವು ಬಿಡಲ್ಲ. ಅಲ್ಲಿ ನೀರು ಸುರಿಯೋದಿಲ್ಲ, ಗಾಳಿ ಎಳಕೊಳ್ಳುತ್ತೆ. ಗುಂಡಿ ಒತ್ತಿದರೆ 'ಭುಸ್' ಅಂತ ದೊಡ್ಡ ಸದ್ದು. ಒಬ್ಬ ತಾತ ಪಂಚೆ ಹಿಡಕೊಂಡು ಓಡಿ ಬಂದು, "ತಾಯೀ, ಏನೋ ಒಡೆದುಹೋಯ್ತು, ನಾನು ಬೇಕೂಂತ ಮಾಡಿದ್ದಲ್ಲ" ಅಂದನಂತೆ. ಇವಳು ಕೈ ಹಿಡಿದು ಕೂರಿಸಿ ನೀರು ಕೊಟ್ಟಳು. "ಅದು ಹಂಗೇ ತಾತ, ದಿನಾ ಬೈಯುತ್ತೆ" ಅಂದಳು.

ಬಾಗಿಲು ಗುರುತು ಹಿಡಿಯೋದೂ ಕಷ್ಟವೇ. 2018ರಲ್ಲಿ ದೆಹಲಿಯಿಂದ ಪಟ್ನಾಗೆ ಹೋಗ್ತಿದ್ದ ವಿಮಾನದಲ್ಲಿ, ಮೊದಲ ಸಲ ಹತ್ತಿದ್ದ ಒಬ್ಬರು ಶೌಚಾಲಯ ಅಂತ ತಿಳಿದು ಹೊರಬಾಗಿಲ ಹಿಡಿಗೆ ಕೈ ಹಾಕಿದರು. ಎಲ್ಲರೂ ಕೂಗಿಕೊಂಡರು. ಅಷ್ಟು ಎತ್ತರದಲ್ಲಿ ಆ ಬಾಗಿಲು ತೆಗೆಯೋಕೆ ಆಗಲ್ಲ. ಒಳಗಿನ ಗಾಳಿ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತೆ. ಆದರೂ ಇಳಿದ ಮೇಲೆ ಪಾಪ, ಪೊಲೀಸರ ವಿಚಾರಣೆ. "ಬಾತ್‌ರೂಮು ಎಲ್ಲಮ್ಮ?" ಅಂತ ಒಂದು ಮಾತು ಕೇಳಿದ್ದರೆ ಮುಗಿದಿತ್ತು.

ನಾಣ್ಯದ ಕಥೆ ಇನ್ನೂ ಚೆನ್ನಾಗಿದೆ. ರೈಲು ಕಾವೇರಿ ದಾಟುವಾಗ ನಾವು ಹೊಳೆಗೆ ಕಾಸು ಎಸೆದು ಕೈಮುಗೀತೀವಿ. ಚೀನಾದಲ್ಲೂ ಇಂಥ ನಂಬಿಕೆ ಇದೆ. 2017ರಲ್ಲಿ ಶಾಂಘೈಯಲ್ಲಿ ಎಂಬತ್ತು ವರ್ಷದ ಒಬ್ಬ ಅಜ್ಜಿ, ಪ್ರಯಾಣ ಸುಖವಾಗಿ ಆಗಲಿ ಅಂತ, ಹತ್ತುವ ಮುಂಚೆ ವಿಮಾನದ ಎಂಜಿನ್ನಿಗೆ ಒಂಬತ್ತು ನಾಣ್ಯ ಎಸೆದಳು. ಎಂಟು ಆಚೆ ಬಿದ್ದವು. ಒಂದು ಒಳಗೆ ಹೋಯ್ತು. ಎಲ್ಲರನ್ನೂ ಇಳಿಸಿ ಎಂಜಿನ್ ತಪಾಸಣೆ ಮಾಡಬೇಕಾಯ್ತು. ಐದು ಗಂಟೆಗೂ ಮೇಲೆ ತಡ. ಅಜ್ಜಿಯ ಪ್ರಾರ್ಥನೆ ದೊಡ್ಡದೇ. ಆದರೆ ಕಾಸು ಸೀರೆಯ ಗಂಟಿನಲ್ಲೇ ಇರಲಿ.

ಇಷ್ಟೆಲ್ಲ ಕೇಳಿದ ಮೇಲೆ, ಈ ಹುಡುಗಿಯರ ಕೆಲಸ ಊಟ ನೀರು ಕೊಡೋದು ಅಂತ ಅನಿಸಬಹುದು. ಅಲ್ಲ. ಅವರ ಮೊದಲ ಕೆಲಸ ನಮ್ಮ ಜೀವ ಕಾಯೋದು. 1930ರಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಮೊದಲು ಸೇರಿದ ಹೆಂಗಸು ಎಲೆನ್ ಚರ್ಚ್. ಅವರು ನರ್ಸು. ವಿಮಾನ ಓಡಿಸೋಕೂ ಕಲಿತಿದ್ದರು. ಹೆಂಗಸು ಅಂತ ಓಡಿಸೋ ಕೆಲಸ ಕೊಡಲಿಲ್ಲ. ಆಗ ಅವರು "ನರ್ಸುಗಳನ್ನು ವಿಮಾನದಲ್ಲಿ ಇಡಿ" ಅಂತ ಹೇಳಿ ಒಪ್ಪಿಸಿದರು. ನಮ್ಮ ದೇಶದಲ್ಲಿ ಗಗನಸಖಿಯರು ಮೊದಲ ಸಲ ಬಸುರಿಯಾದರೆ ಕೆಲಸ ಹೋಗುತ್ತಿತ್ತು. ಅವರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಕಿತ್ತುಹಾಕಿತು. ಬೇರೆ ಕೆಲವು ನಿಯಮ ಹಾಗೇ ಉಳಿದವು, ಅದು ಬೇರೆ ಮಾತು.

ನೀರಜಾ ಭಾನೋಟ್ ಹೆಸರು ನೆನಪಿಡಿ. 1986ರ ಸೆಪ್ಟೆಂಬರ್ 5. ಮುಂಬೈನಿಂದ ಹೊರಟ ವಿಮಾನ ಕರಾಚಿಯಲ್ಲಿ ನಿಂತಿತ್ತು. ಬಂದೂಕು ಹಿಡಿದವರು ಒಳಗೆ ನುಗ್ಗಿದರು. ಅವರು ಎಚ್ಚರ ಕೊಟ್ಟಿದ್ದರಿಂದ ಪೈಲಟ್‌ಗಳು ತಪ್ಪಿಸಿಕೊಂಡರು, ವಿಮಾನ ಮೇಲೇಳಲಿಲ್ಲ. ಸುಮಾರು ಹದಿನೇಳು ಗಂಟೆ ಆದ ಮೇಲೆ ಗುಂಡು ಹಾರಿತು. ಅವರು ಬಾಗಿಲು ತೆಗೆದು ಜನರನ್ನು ಹೊರಗೆ ಕಳಿಸಿದರು. ಮಕ್ಕಳಿಗೆ ಅಡ್ಡ ನಿಂತು ಪ್ರಾಣ ಬಿಟ್ಟರು. ಆಗ ಅವರಿಗೆ 22 ವರ್ಷ. ಸರ್ಕಾರ ಅಶೋಕ ಚಕ್ರ ಕೊಟ್ಟಿತು.

ಅದಕ್ಕೇ, ವಿಮಾನ ಹೊರಡುವ ಮುಂಚೆ ಅವರು ಕೈ ಆಡಿಸಿ ಏನೋ ತೋರಿಸುವಾಗ ಫೋನು ಕೆಳಗಿಡಿ. ಮಾತು ತಿಳಿಯದಿದ್ದರೆ ಕೈ ನೋಡಿ. ನಿಮ್ಮ ಸೀಟಿನಿಂದ ಹೊರಬಾಗಿಲು ಎಷ್ಟು ಸಾಲು ಮುಂದೆ, ಎಷ್ಟು ಸಾಲು ಹಿಂದೆ? ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣಲ್ಲ. ಕೈಯಲ್ಲಿ ಸೀಟು ಮುಟ್ಟಿ ಮುಟ್ಟಿ ಎಣಿಸಿಕೊಂಡು ಹೋಗಬೇಕಾಗುತ್ತೆ. ಮೇಲಿನಿಂದ ಉಸಿರಿನ ಮುಖವಾಡ ಬಿದ್ದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ. ಇದು ತಾಯಿಯ ಮನಸ್ಸಿಗೆ ಒಗ್ಗಲ್ಲ. ಆದರೆ ಅಷ್ಟು ಎತ್ತರದಲ್ಲಿ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಎಚ್ಚರ ತಪ್ಪಬಹುದು. ತಾಯಿಯೇ ಬಿದ್ದರೆ ಕೂಸಿಗೆ ಹಾಕೋರು ಯಾರು?

2024ರ ಜನವರಿ 2ರಂದು ಜಪಾನಿನ ಹನೇಡಾದಲ್ಲಿ ಇಳಿಯುತ್ತಿದ್ದ ವಿಮಾನ ಇನ್ನೊಂದು ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಉರಿಯಿತು. ಆ ಸಣ್ಣ ವಿಮಾನದ ಆರು ಜನರಲ್ಲಿ ಐದು ಜನ ತೀರಿಕೊಂಡರು. ದೊಡ್ಡ ವಿಮಾನದಲ್ಲಿ 379 ಜನ ಇದ್ದರು. ಎಂಟು ಬಾಗಿಲಲ್ಲಿ ಮೂರೇ ಉಪಯೋಗಕ್ಕೆ ಬಂದವು. ಮೈಕು ಕೆಟ್ಟಿತ್ತು. ಗಗನಸಖಿಯರು ಗಂಟಲು ಹರಿಯೋ ಹಾಗೆ ಕೂಗಿ ದಾರಿ ತೋರಿಸಿದರು. ಜನ ಚೀಲ, ಪೆಟ್ಟಿಗೆ ಎಲ್ಲಾ ಬಿಟ್ಟು ಹೊರಗೆ ಜಾರಿದರು. 379 ಜನವೂ ಉಳಿದರು. ಒಬ್ಬರೂ ಸಾಯಲಿಲ್ಲ. ನಮ್ಮ ಆ ತಂಗಿ ಹೇಳ್ತಾಳೆ, "ನಮ್ಮಲ್ಲಿ ವಿಮಾನ ನಿಲ್ಲೋ ಮುಂಚೆಯೇ ಎದ್ದು ಚೀಲ ಇಳಿಸ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಹನೇಡಾ ನೆನಪಾಗುತ್ತೆ."

ಇಳಿದ ಮೇಲೆ ದೊಡ್ಡ ಚೀಲಗಳು ಒಂದು ಪಟ್ಟೆಯ ಮೇಲೆ ಸುತ್ತುತ್ತಾ ಬರುತ್ತವೆ. ಎಲ್ಲಾ ಕಪ್ಪು, ಎಲ್ಲಾ ಒಂದೇ ಥರ. ಹಿಡಿಗೆ ಒಂದು ಕೆಂಪು ದಾರ ಕಟ್ಟಿ. ಇನ್ನೂ ಒಳ್ಳೆಯದು, ನಿಮ್ಮ ಹೆಸರು ಮತ್ತು ಮಗಳ ಫೋನು ನಂಬರು ನೀವೇ ಬರೆದು ಅಂಟಿಸಿ. ಅದೇ ನಂಬರು ಇನ್ನೊಂದು ಚೀಟಿಯಲ್ಲಿ ಬರೆದು ಸೆರಗಿನಲ್ಲಿ ಕಟ್ಟಿಕೊಳ್ಳಿ. ನಡೆಯೋಕೆ ಆಗದವರಿಗೆ ಗಾಲಿ ಕುರ್ಚಿ ಇದೆ. ಟಿಕೆಟ್ ಮಾಡಿಸುವಾಗಲೇ ಹೇಳಿ.

ಆ ಅಜ್ಜಿ ಕಥೆ ಪೂರ್ತಿ ಹೇಳಲಿಲ್ಲ ಅಲ್ವಾ? ಪಟ್ಟಿ ಕಟ್ಟೋದು ಕಲಿತ ಅಜ್ಜಿ. ನಮ್ಮ ತಂಗಿ ಎಲ್ಲರಿಗೂ ನೀರು ಕೊಡುತ್ತಾ ಬಂದಳು. ಅಜ್ಜಿ ಲೋಟ ಇಸಕೊಂಡು, "ನೀನು ಊಟ ಮಾಡಿದ್ಯಾ ಮಗಳೇ? ಬೆಳಗಿನಿಂದ ನಿಂತೇ ಇದ್ದೀಯಲ್ಲ" ಅಂದಳು. ಚೀಲದಿಂದ ಎರಡು ಚಕ್ಕುಲಿ ತೆಗೆದು ಕೈಗಿಟ್ಟಳು. "ಒಂಬತ್ತು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ" ಅಂದಳು ಈ ಹುಡುಗಿ.

ಯುಗಾದಿಗೆ ಅವಳು ಮತ್ತೆ ಊರಿಗೆ ಬರ್ತಾಳಂತೆ. ಇಲ್ಲಿಗೂ ಬರ್ತೀನಿ ಅಂದಿದ್ದಾಳೆ. ಟಿಕೆಟ್ ಬಂದಿರುವ ಆ ಇಬ್ಬರು ತಾಯಂದಿರು ಬೋರ್ಡಿಂಗ್ ಪಾಸಿನ ಚಿತ್ರ ನೋಡಬೇಕಾದರೆ ಬನ್ನಿ, ಈ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೇವೆ. ಉಳಿದವರು ನಿಮ್ಮ ಪ್ರಶ್ನೆಗಳನ್ನು ಪುಸ್ತಕದಲ್ಲಿ ನೀವೇ ಬರೆದು ತನ್ನಿ. ಒಬ್ಬರಿಗೆ ಎರಡು ಪ್ರಶ್ನೆ. ತಪ್ಪಾದರೆ ತಿದ್ದೋಣ.